ಖಾಸಗಿ ಶಾಲೆ, ವಿಶೇಷ ಶಾಲೆ, ಸರ್ಕಾರಿ ಶಾಲೆ: ಆಟಿಸಂ ಇರುವ ನಮ್ಮ ಮಗನಿಗೆ ಒಗ್ಗಿದ್ದು ಯಾವುದು?

ಆಟಿಸಂ ಇರುವ ಮಗುವನ್ನು ಯಾವ ಶಾಲೆಗೆ ಹಾಕೋದು ಅಂತ ಮೈಸೂರಿನಲ್ಲಿ ಕೇಳಿ ನೋಡಿ, ಹತ್ತು ಜನ ಹತ್ತು ದಾರಿ ತೋರಿಸುತ್ತಾರೆ. ಅದರಲ್ಲಿ ಮೂರು ದಾರಿಯನ್ನು ನಾವು ತುಳಿದಿದ್ದೇವೆ. ಮೊದಲು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆ, ಆಮೇಲೆ ಒಂದು ಟ್ರಸ್ಟಿನ ವಿಶೇಷ ಶಾಲೆ, ಈಗ ಮನೆ ಹತ್ತಿರದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಮಗ ಮೂರನೇ ಕ್ಲಾಸು. ನಮ್ಮ ಕೈ ಹಿಡಿದದ್ದು ಸರ್ಕಾರಿ ಶಾಲೆ. ಜೊತೆಗೆ ಸಂಜೆ ಮನೆಗೆ ಬರುವ ಸ್ಪೆಷಲ್ ಎಜುಕೇಟರ್, ಅಂದರೆ ಇಂಥ ಮಕ್ಕಳಿಗೆ ಕಲಿಸುವ ತರಬೇತಿ ಪಡೆದ ಶಿಕ್ಷಕರು. ಎರಡರಲ್ಲಿ ಒಂದು ಇಲ್ಲದಿದ್ದರೂ ನಾನು ಈ ಮಾತು ಹೇಳುತ್ತಿರಲಿಲ್ಲ.

ಮಗ ಎಂಥವನು ಅಂತ ಹೇಳದೆ ಹೋಲಿಕೆ ಮಾಡಿದರೆ ಪ್ರಯೋಜನವಿಲ್ಲ. ಮಾತು ಕಡಿಮೆ, ಒಂದು ಸಲಕ್ಕೆ ಎರಡು ಮೂರು ಪದ. ಜೋರು ಸದ್ದು ಆಗುವುದಿಲ್ಲ, ಕಿವಿ ಮುಚ್ಚಿಕೊಳ್ಳುತ್ತಾನೆ. ಓಡಿಹೋಗುವ ಅಭ್ಯಾಸವಿಲ್ಲ. ಬೇರೆ ಮಕ್ಕಳು ಮಾಡುವುದನ್ನು ನೋಡಿ ಹಾಗೇ ಮಾಡುತ್ತಾನೆ. ಈ ಕೊನೆಯದ್ದೇ ನಮ್ಮ ಲೆಕ್ಕವನ್ನೆಲ್ಲ ತಿರುಗಿಸಿದ್ದು. ಅಸೆಸ್‌ಮೆಂಟ್ ಆದದ್ದು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ. 1965ರಿಂದ ಅದು ಇಲ್ಲೇ ಇರುವುದು ಮೈಸೂರಿನವರ ಅದೃಷ್ಟ. ಬೇರೆ ಜಿಲ್ಲೆಯವರು ರಾತ್ರಿ ಬಸ್ಸು ಹಿಡಿದು ಬಂದು ಬೆಳಗ್ಗೆ ಕ್ಯೂನಲ್ಲಿ ನಿಂತಿರುತ್ತಾರೆ.

ಖಾಸಗಿ ಶಾಲೆಯ ಬಗ್ಗೆ ಬೇಗ ಮುಗಿಸುತ್ತೇನೆ. ಬ್ರೋಷರಿನಲ್ಲಿ ‘ಎಲ್ಲ ಮಕ್ಕಳಿಗೂ ಜಾಗ’ ಅಂತ ಇತ್ತು. ಇಂಥ ಮಕ್ಕಳಿಗೆ ಬೇರೆಯಾಗಿ ಕಲಿಸೋಕೆ ಅಂತ ಇದ್ದ ರಿಸೋರ್ಸ್ ರೂಮ್ ಅನ್ನೋದು ಮಾಳಿಗೆ ಮೆಟ್ಟಿಲಿನ ಪಕ್ಕದ ಚಿಕ್ಕ ಕೋಣೆ. ಕ್ಲಾಸಿನಲ್ಲಿ ಮಗ ಸ್ವಲ್ಪ ಸದ್ದು ಮಾಡಿದರೆ ಅಲ್ಲಿಗೆ ಕಳಿಸುತ್ತಿದ್ದರು, ಬೆಲ್ ಹೊಡೆದ ಮೇಲೆ ವಾಪಸ್. ಶ್ಯಾಡೋ ಟೀಚರ್, ಅಂದರೆ ಕ್ಲಾಸಿನಲ್ಲಿ ಅವನ ಪಕ್ಕದಲ್ಲೇ ಕೂತು ನೋಡಿಕೊಳ್ಳುವವರು, ಬೇಕೇ ಬೇಕು ಅಂದರು, ಸಂಬಳ ನಮ್ಮದು. ಪಾಪ, ಆ ಹುಡುಗಿಗೆ ಯಾವ ತರಬೇತಿಯೂ ಇರಲಿಲ್ಲ. ಅವನ ಕೈ ಹಿಡಿದು ಅವಳೇ ಬರೆಸುತ್ತಿದ್ದಳು. ನೋಟ್‌ಬುಕ್ ತುಂಬ ಮುತ್ತಿನಂಥ ಅಕ್ಷರ, ಮನೆಯಲ್ಲಿ ಪೆನ್ಸಿಲ್ ಕೊಟ್ಟರೆ ಒಂದು ಗೆರೆ ಎಳೆಯುತ್ತಿರಲಿಲ್ಲ. ಐಇಪಿ, ಅಂದರೆ ಅವನೊಬ್ಬನಿಗೇ ಅಂತ ಮಾಡುವ ಕಲಿಕಾ ಯೋಜನೆ, ಕೊಡಿ ಅಂತ ಕೇಳಿದೆ. ಪ್ರಿಂಟ್ ತೆಗೆದು ಕೊಟ್ಟರು. ಅದರಲ್ಲಿ ನಮ್ಮ ಮಗ ಎರಡು ಕಡೆ ಹುಡುಗಿಯಾಗಿದ್ದ! ಇನ್ನೊಂದು ಮಗುವಿನದ್ದರಲ್ಲಿ ಹೆಸರು ಮಾತ್ರ ಬದಲಾಯಿಸಿದ್ದರು. ಮನೆಯಲ್ಲಿ ಕನ್ನಡ, ಅಲ್ಲಿ ಬರೀ ಇಂಗ್ಲಿಷ್. ಇದ್ದ ನಾಲ್ಕು ಮಾತೂ ನಿಂತುಹೋದವು. ಫೀಸು, ಶ್ಯಾಡೋ ಟೀಚರ್ ಸಂಬಳ, ವ್ಯಾನು ಎಲ್ಲ ಸೇರಿ ನಮ್ಮ ಮನೆ ಬಾಡಿಗೆಗಿಂತ ಜಾಸ್ತಿ ಆಗುತ್ತಿತ್ತು.

ವಿಶೇಷ ಶಾಲೆಗೆ ಹೋದ ಮೇಲೆ ಗೊತ್ತಾಯಿತು, ಕಲಿಸೋದು ಅಂದರೆ ಏನು ಅಂತ. ಟೀಚರುಗಳೆಲ್ಲ ವಿಶೇಷ ಶಿಕ್ಷಣದಲ್ಲೇ ಡಿ.ಎಡ್., ಬಿ.ಎಡ್. ಮಾಡಿದವರು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇರುವವರು. ಒಬ್ಬರ ಹತ್ತಿರ ಬೆರಳೆಣಿಕೆಯಷ್ಟು ಮಕ್ಕಳು. ಶರಟಿನ ಗುಂಡಿ ಹಾಕುವುದನ್ನು ಕಲಿಸಿದ್ದು ನೋಡಬೇಕಿತ್ತು. ಟೀಚರ್ ತಾವೇ ಗುಂಡಿಯನ್ನು ಕಾಜಿನಲ್ಲಿ ಮುಕ್ಕಾಲು ಭಾಗ ತೂರಿಸಿಡುತ್ತಿದ್ದರು. ಕೊನೆಗೆ ಚೂರು ಎಳೆಯುವುದಷ್ಟೇ ಅವನ ಕೆಲಸ. ಎಳೆದ ತಕ್ಷಣ ಚಪ್ಪಾಳೆ. ಅದು ಸಲೀಸಾದ ಮೇಲೆ ಅರ್ಧ ತೂರಿಸಿ ಬಿಟ್ಟರು, ಆಮೇಲೆ ಕಾಲು ಭಾಗ. ಹೀಗೆ ಹಿಂದಿನಿಂದ ಮುಂದಕ್ಕೆ. ಪ್ರತಿ ಸಲವೂ ಕೆಲಸ ಮುಗಿಸಿದವನು ಅವನೇ ಆಗುತ್ತಿದ್ದ, ಹಾಗಾಗಿ ರಚ್ಚೆಯೇ ಇಲ್ಲ. ಟಾಯ್ಲೆಟ್, ಕೈ ತೊಳೆಯೋದು, ಚಪ್ಪಲಿ ಹಾಕೋದು ಎಲ್ಲ ಅಲ್ಲೇ ಕಲಿತದ್ದು. ಫೀಸೂ ಕಡಿಮೆ. ಇಂಥ ಶಾಲೆಗಳಿಗೆ ಸರ್ಕಾರದ ಶಿಶುಕೇಂದ್ರಿತ ಯೋಜನೆಯಲ್ಲಿ ಅನುದಾನ ಸಿಗುತ್ತದೆ. ಟೀಚರುಗಳಿಗೆ ಸಿಗುವ ಗೌರವಧನ ಮಾತ್ರ ಅವರ ಶ್ರಮಕ್ಕೆ ಯಾವ ಲೆಕ್ಕಕ್ಕೂ ಸಾಲದು.

ಮತ್ತೆ ಬಿಡಿಸಿದ್ದು ಯಾಕೆ? ಅವನು ನೋಡಿ ಕಲಿಯುವ ಹುಡುಗ. ಅವನ ಗುಂಪಿನಲ್ಲಿ ಮಾತಾಡುವ ಮಕ್ಕಳೇ ಇರಲಿಲ್ಲ. ಆಟಕ್ಕೆ ಕರೆಯುವವರು, ಜಗಳ ತೆಗೆಯುವವರು, ‘ಏ, ಅದು ನಂದು’ ಅಂತ ಕಿತ್ತುಕೊಳ್ಳುವವರು ಯಾರೂ ಇಲ್ಲ. ಶಾಲೆ ಊರಿನ ಇನ್ನೊಂದು ತುದಿಗೆ ಬೇರೆ. ನಮ್ಮ ಬೀದಿಯ ಒಂದು ಮಗುವಿಗೂ ಇವನ ಹೆಸರು ಗೊತ್ತಿರಲಿಲ್ಲ.

ಇನ್ನು ಸರ್ಕಾರಿ ಶಾಲೆ. ವಿಕಲಚೇತನರ 2016ರ ಕಾಯ್ದೆ ಪ್ರಕಾರ ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ಬೇಕೆಂದರೆ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಕಾಯ್ದೆಯ ಮಾತು ಎತ್ತಲು ಸಿದ್ಧವಾಗಿಯೇ ಹೋಗಿದ್ದೆ, ಅಗತ್ಯ ಬೀಳಲಿಲ್ಲ. ಹೆಡ್ ಮೇಡಂ ಹೇಳಿದ್ದು ಇಷ್ಟೇ: “ಸೇರಿಸ್ಕೊಳ್ತೀವಿ ಕಣಮ್ಮ. ಆದ್ರೆ ಇಂಥ ಮಕ್ಕಳಿಗೆ ಹೇಗೆ ಕಲಿಸ್ಬೇಕು ಅಂತ ನಮಗೂ ಅಷ್ಟಾಗಿ ಗೊತ್ತಿಲ್ಲ. ನೀವು ಬಂದು ತೋರಿಸ್ಕೊಡಿ.” ಬ್ರೋಷರಿಗಿಂತ ಈ ಮಾತು ನನಗೆ ಹಿಡಿಸಿತು.

ನಾನು ಎಣಿಸದೇ ಇದ್ದದ್ದು ನಲಿ-ಕಲಿ. 1995ರ ಹೊತ್ತಿಗೆ ನಮ್ಮ ಜಿಲ್ಲೆಯ ಎಚ್.ಡಿ. ಕೋಟೆಯಲ್ಲೇ ಶುರುವಾದ ಪದ್ಧತಿ ಇದು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ, ಗುಂಪು ಗುಂಪಾಗಿ ಕೂರುತ್ತಾರೆ. ಪಾಠವನ್ನೆಲ್ಲ ಕಾರ್ಡುಗಳಾಗಿ ಒಡೆದಿರುತ್ತಾರೆ. ಗೋಡೆ ಮೇಲೆ ಯಾವ ಕಾರ್ಡಿನ ನಂತರ ಯಾವುದು ಅಂತ ತೋರಿಸುವ ಕಲಿಕಾ ಏಣಿ. ಒಂದು ಗುಂಪಿಗೆ ಟೀಚರ ಪೂರ್ತಿ ಸಹಾಯ, ಇನ್ನೊಂದಕ್ಕೆ ಅರ್ಧ, ಮತ್ತೊಂದಕ್ಕೆ ಜೊತೆ ಮಕ್ಕಳ ಪೂರ್ತಿ ಸಹಾಯ, ನಾಲ್ಕನೆಯದಕ್ಕೆ ಜೊತೆ ಮಕ್ಕಳದೇ ಅರ್ಧ ಸಹಾಯ, ಕೊನೆಯದ್ದು ತಾನೇ ಕಲಿಯುವವರ ಗುಂಪು. ಯಾರು ಯಾವ ಮೆಟ್ಟಿಲಲ್ಲಿದ್ದರೂ ಅಲ್ಲಿಂದಲೇ ಮುಂದಕ್ಕೆ. ಇವನು ಹಿಂದೆ ಬಿದ್ದಿದ್ದಾನೆ ಅಂತ ಯಾರಿಗೂ ಅನ್ನಿಸುವುದಿಲ್ಲ, ಯಾಕೆಂದರೆ ಎಲ್ಲರೂ ಬೇರೆ ಬೇರೆ ಕಡೆ ಇರುತ್ತಾರೆ. ಇದನ್ನು ಇಂಥ ಮಕ್ಕಳಿಗೆಂದು ಮಾಡಿದ್ದಲ್ಲ, ಆದರೂ ದುಡ್ಡು ಕೊಟ್ಟ ರಿಸೋರ್ಸ್ ರೂಮಿಗಿಂತ ಇದೇ ಅವನಿಗೆ ಸರಿಹೋಯಿತು.

ಎರಡನೆಯದು ಬಿಸಿಯೂಟ. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಮುಂದಿನವರು ಜರುಗಿದಾಗ ಜರುಗಬೇಕು, ಅನ್ನ ಬೇಕಾ ಸಾಕಾ ಹೇಳಬೇಕು, ತಟ್ಟೆ ತೊಳೆದು ಇಡಬೇಕು. ಮೊದಮೊದಲು ಕುಕ್ಕರ್ ಕೂಗಿದರೆ ಸಾಕು, ಕಿವಿ ಮುಚ್ಚಿಕೊಂಡು ಮೂಲೆಗೆ ಹೋಗುತ್ತಿದ್ದ. ಅಡುಗೆ ಅಕ್ಕ ಸೀಟಿ ಬೀಳುವ ಮುಂಚೆ ಅವನ ಹೆಸರು ಕೂಗಿ ಹೇಳೋದು ರೂಢಿ ಮಾಡಿಕೊಂಡರು. ಈಗ ಅವನೇ ಉಳಿದವರಿಗೆ ‘ಸೀಟಿ, ಸೀಟಿ’ ಅಂತಾನೆ. ಥೆರಪಿ ಕೋಣೆಯಲ್ಲಿ ಎಷ್ಟು ಹೇಳಿಸಿದರೂ ಬಾರದ ‘ಸಾಕು’ ಅನ್ನೋ ಮಾತು ಸಾಂಬಾರಿನ ಸೌಟಿನ ಮುಂದೆ ಬಂತು.

ಕೊರತೆ ಇಲ್ಲ ಅಂತಲ್ಲ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯ ಅಡಿಯಲ್ಲಿ ಬ್ಲಾಕಿಗೆ ಬಿಐಇಆರ್‌ಟಿ ಅಂತ ವಿಶೇಷ ಶಿಕ್ಷಕರಿರುತ್ತಾರೆ. ಕೈ ಬೆರಳಲ್ಲಿ ಎಣಿಸುವಷ್ಟು ಜನ ಬ್ಲಾಕಿನ ಶಾಲೆಗಳನ್ನೆಲ್ಲ ಸುತ್ತಬೇಕು, ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗಬೇಕು. ನಮ್ಮ ಶಾಲೆಗೆ ಬರುವವರು ಕೆಲಸ ಬಲ್ಲವರು, ಬರುವುದೇ ಅಪರೂಪ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ನಮ್ಮ ಕಡೆ ಅದಿನ್ನೂ ಕಣ್ಣಿಗೆ ಕಂಡಿಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ನೆರವಿದೆ, ಹೆಣ್ಣುಮಕ್ಕಳಿಗೆ ಬೇರೆಯಾಗಿ ತಿಂಗಳಿಗೆ 200 ರೂಪಾಯಿ, ಹತ್ತು ತಿಂಗಳು. ಥೆರಪಿಯ ರೇಟು ಗೊತ್ತಿರುವವರಿಗೆ ಇದು ಎಷ್ಟು ದಿನಕ್ಕಾಗುತ್ತೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಆ ಕೊರತೆ ತುಂಬೋದು ಸಂಜೆಯ ಸ್ಪೆಷಲ್ ಎಜುಕೇಟರ್. ಶಾಲೆಯಲ್ಲಿ ಯಾವ ಕಾರ್ಡು ನಡೆಯುತ್ತಿದೆ ಅಂತ ಟೀಚರ್ ಒಂದು ಚಿಕ್ಕ ಪುಸ್ತಕದಲ್ಲಿ ಒಂದು ಸಾಲು ಬರೆದು ಕಳಿಸುತ್ತಾರೆ. ಇವರು ಅದನ್ನೇ ಬೀಜ, ಬಟನ್ ಹಿಡಿದು ಮಾಡಿಸುತ್ತಾರೆ. ಇಬ್ಬರೂ ಒಂದೇ ಕಡೆ ಎಳೆದರಷ್ಟೇ ಗಾಡಿ ಹೋಗೋದು. ಇವರ ಫೀಸು ಖಾಸಗಿ ಶಾಲೆಗೆ ಸುರಿದದ್ದರ ಅರ್ಧವೂ ಇಲ್ಲ.

ಎಲ್ಲರೂ ಹೀಗೇ ಮಾಡಿ ಅಂತ ನಾನು ಹೇಳಲ್ಲ. ಮಗು ಗೇಟು ದಾಟಿ ಓಡುತ್ತೆ, ಟಾಯ್ಲೆಟ್ ಇನ್ನೂ ಹೇಳಲ್ಲ ಅಂದರೆ ಮೊದಲು ವಿಶೇಷ ಶಾಲೆಯೇ ಸರಿ. ಅಲ್ಲಿ ಕಲಿತ ಗುಂಡಿ, ಚಪ್ಪಲಿ, ಟಾಯ್ಲೆಟ್ ಇಲ್ಲದಿದ್ದರೆ ನಮ್ಮವನು ಸರ್ಕಾರಿ ಶಾಲೆಯಲ್ಲಿ ಒಂದು ವಾರವೂ ನಿಲ್ಲುತ್ತಿರಲಿಲ್ಲ. ಓದು-ಬರಹದಲ್ಲಿ ಮಾತ್ರ ತೊಡಕು, ಉಳಿದದ್ದೆಲ್ಲ ಚುರುಕು ಅನ್ನುವ ಮಕ್ಕಳನ್ನು ವಿಶೇಷ ಶಾಲೆಗೆ ಹಾಕಲೇಬೇಡಿ. ಕಲಿಕಾ ನ್ಯೂನತೆಯೂ 2016ರ ಕಾಯ್ದೆ ಹೇಳುವ 21 ವಿಧದ ವೈಕಲ್ಯಗಳಲ್ಲಿ ಇದೆ, ಮಾಮೂಲಿ ಶಾಲೆಯಲ್ಲೇ ಇದ್ದು ಸವಲತ್ತು ಕೇಳಬಹುದು. ಖಾಸಗಿ ಶಾಲೆ ನೋಡಲು ಹೋದರೆ ಕಟ್ಟಡ ನೋಡಬೇಡಿ. ಮುಂದಿನ ಮೂರು ತಿಂಗಳಲ್ಲಿ ನನ್ನ ಮಗುವಿಗೆ ಏನು ಕಲಿಸ್ತೀರಿ, ಕಲಿಸುವವರ ನೋಂದಣಿ ಸಂಖ್ಯೆ ಎಷ್ಟು, ಅವರು ರಜೆ ಹಾಕಿದ ದಿನ ಮಗು ಎಲ್ಲಿ ಕೂರುತ್ತೆ ಅಂತ ಕೇಳಿ.

ನಮಗೆ ಈಗಿನ ತಲೆನೋವು ನಾಲ್ಕನೇ ಕ್ಲಾಸು. ನಲಿ-ಕಲಿ ಮೂರಕ್ಕೇ ಮುಗಿಯುತ್ತೆ, ಮುಂದೆ ಪಠ್ಯಪುಸ್ತಕ, ಬೆಂಚು, ಪರೀಕ್ಷೆ. ಹೆಡ್ ಮೇಡಂ, ಬಿಐಇಆರ್‌ಟಿ, ನಾವು ಮೂವರೂ ಕೂತು ಮಾತಾಡಿದ್ದೇವೆ. ಕನ್ನಡ, ಗಣಿತದ ಹೊತ್ತಿಗೆ ಅವನು ನಲಿ-ಕಲಿ ಕೋಣೆಯಲ್ಲೇ ಕೂರುತ್ತಾನೆ. ಊಟ, ಆಟ, ಪರಿಸರ ಅಧ್ಯಯನಕ್ಕೆ ತನ್ನ ಕ್ಲಾಸಿನವರ ಜೊತೆ. ಜೂನಿನಿಂದ ಹೀಗೆ ನಡೆಸಿ, ದಸರಾ ರಜೆ ಹೊತ್ತಿಗೆ ಮತ್ತೆ ಕೂತು ನೋಡೋಣ ಅಂತ ಆಗಿದೆ.