ಬೀದರ್ ಥಂಡ್ಯಾಗ ಹವಾ ಅಳೆಯೋ ಮೀಟರ್, ಎರಡ್ ತಿಂಗ್ಳು ನೋಡೀನಿ

ಮೊದ್ಲು ನಾ ಮೋಸ ಹೋಗಿದ್ದು ಹೇಳ್ತೀನಿ. ಸಸ್ತಾ ಅದ ಅಂತ ಆನ್‌ಲೈನ್‌ದಾಗ ಒಂದ್ ಸಿಒ2 ಮೀಟರ್ (ನಾವು ಬಿಡೋ ಉಸುರಿನ್ಯಾಗಿರೋ ಕಾರ್ಬನ್ ಡೈಆಕ್ಸೈಡ್, ಹವಾದ ಹತ್ತು ಲಕ್ಷ ಭಾಗದಾಗ ಎಷ್ಟು ಭಾಗ ಅದ ಅಂತ ತೋರ್ಸೋದು) ತರಿಸಿದ್ದೆ, ಕಂಪನಿ ಹೆಸ್ರು ಬ್ಯಾಡ ಬಿಡ್ರಿ, ಕಿಡಕಿ ಬಾಗ್ಲಾ ಎಲ್ಲಾ ತೆರ್ದಿದ್ರೂ ಅವ್ವ ದೇವ್ರ ಮುಂದ ಊದಿನಕಡ್ಡಿ ಹಚ್ಚಿದ ಕೂಡ್ಲೆ 480 ಇದ್ದದ್ದು ಸೀದಾ 2100! ಒಗ್ಗರಣಿಗೂ ಹಂಗೇ ಕುಣೀತಿತ್ತು. ಆಮ್ಯಾಲ ಗೊತ್ತಾತು, ಅದ್ರಾಗ ಸಿಒ2 ಸೆನ್ಸಾರೇ ಇಲ್ಲ, ವಾಸನಿ ಹಿಡ್ದು ಅಂದಾಜಿನ ಮ್ಯಾಲ ನಂಬರ್ ತೋರಸ್ತದ. ತಗೊಳ್ಳೋರು ಎನ್‌ಡಿಐಆರ್ ಅಂತ ಬರ್ದದೋ ಇಲ್ಲೋ ನೋಡ್ಕೊಳ್ರಿ, ಅಂದ್ರ ಇನ್ಫ್ರಾರೆಡ್ ಬೆಳಕಿನಿಂದ ಸಿಒ2ನ್ನೇ ಅಳೆಯೋ ಸೆನ್ಸಾರ್.

ಈಗಿಂದು ಅರಾನೆಟ್4, ಲಾಟ್ವಿಯಾದವ್ರದು. ರೊಕ್ಕ ಭಾಳ ಆತು, ಮನ್ಯಾಗ ಬೈಸ್ಕೊಂಡೀನಿ. ಎರಡ್ ಪೆನ್ಸಿಲ್ ಸೆಲ್, 1000 ದಾಟಿದ್ರ ಹಳದಿ, 1400 ದಾಟಿದ್ರ ಕೆಂಪು. ಆಗಾಗ ಹೊರಗಿಟ್ಟು ಕ್ಯಾಲಿಬ್ರೇಟ್ ಮಾಡ್ಬೇಕು. ಧೂಳು ಹೊಗಿ ಇದ್ರಾಗ ತಿಳ್ಯಂಗಿಲ್ಲ, ಅದಕ್ಕ ಬ್ಯಾರೆ ಮೀಟರ್.

ಡಿಸೆಂಬರ್ ಬಂತಂದ್ರ ನಮ್ಮ ಬೀದರ್ ಮಂದಿ ಮಾಡೋದೇನು, ಕಿಡಕಿ ಬಂದ್, ಮ್ಯಾಲಿನ ವೆಂಟಿಲೇಟರಿಗೆ ಪೇಪರ್ ತುರ್ಕೋದು. ಹಂಗೇ ಮೂರು ಮಂದಿ ಮಲ್ಕೊಂಡ್ವಿ, ಮುಂಜಾನಿ 6ಕ್ಕ ನೋಡಿದ್ರ 2680. ಮಜಾ ಇರೋದು ಇಲ್ಲೇ. ಎಲ್ರೂ ಹೊರಗ ಬಂದು ಬಾಗ್ಲಾ ಮುಚ್ಚಿ ಮೀಟರ್ ಒಳಗೇ ಬಿಟ್ವಿ. ಹೊರಗಿನ ಹವಾದಾಗೇ 420 ಇರ್ತದ, ಅದ್ ಕಳದ್ರ 2260 ಉಳೀತು, ಇದು ನೂರಕ್ಕ 37ರಷ್ಟಕ್ಕ ಇಳಿಲಿಕ್ಕ ಎಷ್ಟ್ ಹೊತ್ತು ಹಿಡೀತದೋ ಅಷ್ಟೊತ್ತಿಗೆ ಖೋಲಿ ಹವಾ ಒಮ್ಮೆ ಬದಲಾದಂಗ ಲೆಕ್ಕ. 2260ರಾಗ ನೂರಕ್ಕ 37 ಅಂದ್ರ ಸುಮಾರು 836, ಅದಕ್ಕ ಹೊರಗಿನ 420 ಕೂಡ್ಸಿದ್ರ 1256. 8ಕ್ಕ ಮೀಟರ್ 1250 ತೋರಸ್ತು, ಅಂದ್ರ ಎರಡ್ ತಾಸಿಗೆ ಒಮ್ಮೆ. ಪೇಪರ್ ಕಿತ್ತು ಮರುದಿನ ನೋಡಿದ್ರ 40 ನಿಮಿಷಕ್ಕೇ ಒಮ್ಮೆ!

ಕೆನಡಾದಾಗಿರೋ ನಮ್ಮ ಕಾಕಾನ ಮಗ ಇದನ್ ಕೇಳಿ ನಕ್ಕ. ಅಲ್ಲಿ ಮುಂಬಾಗ್ಲಿಗೆ ದೊಡ್ಡ ಫ್ಯಾನ್ ಕೂಡ್ಸಿ, ಒಳಗ ಹೊರಗ 50 ಪ್ಯಾಸ್ಕಲ್ ಒತ್ತಡದ ಫರಕ್ ಮಾಡಿ, ಮನಿ ಎಷ್ಟು ಸೋರ್ತದ ಅಂತ ಅಳೀತಾರ, ಆರ್-2000 (ಕರೆಂಟು, ಶಾಖಾ ಉಳ್ಸೋ ಮನಿಗಳಿಗೆ ಕೆನಡಾದವ್ರು ಇಟ್ಟ ಮಟ್ಟ) ಮನಿ ಅನ್ನಿಸ್ಕೊಬೇಕಂದ್ರ ಆ ಒತ್ತಡದಾಗೂ ಮನಿ ಹವಾ ಬದಲಾಗೋದು ತಾಸಿಗೆ 1.5 ಸಲ ದಾಟಂಗಿಲ್ಲ. (ನನ್ ಲೆಕ್ಕಕ್ಕ ಇದನ್ ಹೋಲಿಸಬ್ಯಾಡ್ರಿ, ಇಲ್ಲಿ ಫ್ಯಾನ್ ಹಚ್ಚಿಲ್ಲ.) ಅಷ್ಟ್ ಬಿಗಿ ಮಾಡಿದ್ ಮ್ಯಾಲ ಹೊರಗ ಹೋಗೋ ಬೆಚ್ಚನ್ ಹವಾದ ಶಾಖಾ ತಗೊಂಡು ಒಳಗ ಬರೋ ಥಂಡ್ ಹವಾಕ್ಕ ಕೊಡೋ ಮಷೀನ್ ಕೂಡಸ್ತಾರ. ನಮ್ದು ಬರೇ ಬಿಗಿ ಮಾಡೋದು, ಮಷೀನ್ ಇಲ್ಲ.

ಅವ್ವ ಈಗ ಪೇಪರ್ ಅರ್ಧಾ ತೆಗ್ಯಾಕ ಬಿಟ್ಟಾಳ, ಮುಂಜಾನಿ 1500ರ ಆಜುಬಾಜು ಬರ್ತದ. ಉಳಿದರ್ಧ ಶಿವರಾತ್ರಿ ಆಗೋತನ ಮುಟ್ಟಬ್ಯಾಡ ಅಂದಾಳ.