ಮೆಟ್ಟಿಲ ಧೂಳಿಗೆ ಯಾವುದು ಲೇಸು: ಪೊರಕೆ, ಪುಟ್ಟ ವ್ಯಾಕ್ಯೂಮ್, ಸ್ಟಿಕ್ ವ್ಯಾಕ್ಯೂಮ್, ಕ್ಯಾನಿಸ್ಟರ್

ನೆಲಕ್ಕೆ ಚೆನ್ನಾಗಿದೆ ಎನಿಸಿಕೊಂಡ ವ್ಯಾಕ್ಯೂಮ್ ಕ್ಲೀನರ್ ಮೆಟ್ಟಿಲಿಗೂ ಚೆನ್ನಾಗಿರುತ್ತದೆ ಎಂದೇನಿಲ್ಲ. ನೆಲದ ಮೇಲೆ ಯಂತ್ರದ ಭಾರವನ್ನು ನೆಲವೇ ಹೊರುತ್ತದೆ, ನಾವು ತಳ್ಳಿದರಾಯಿತು. ಮೆಟ್ಟಿಲಲ್ಲಿ ಹಾಗಲ್ಲ. ಹೆಜ್ಜೆಹೆಜ್ಜೆಗೂ ಅದನ್ನು ಎತ್ತಬೇಕು, ಇಳಿಸಬೇಕು, ಇನ್ನೊಂದು ಕೈ ರೇಲಿಂಗ್ ಬಿಡುವ ಹಾಗಿಲ್ಲ. ಆದ್ದರಿಂದ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿರುವ ಪಾಸ್ಕಲ್ (ಎಳೆತದ ಒತ್ತಡದ ಅಳತೆ), ವಾಟ್‌ಗಳನ್ನು ನಾನು ಎರಡನೆಯದಾಗಿ ನೋಡುತ್ತೇನೆ. ಮೊದಲು ನೋಡುವುದು ಭಾರ ಎಲ್ಲಿ ಕೂರುತ್ತದೆ ಎಂಬುದನ್ನು: ಕೈಯಲ್ಲೋ, ನೆಲದ ಮೇಲೋ.

ನಮ್ಮಲ್ಲಿ ಎರಡು ಬಗೆಯ ಮೆಟ್ಟಿಲುಗಳಿವೆ. ಕೆಳಗಿನಿಂದ ಮೊದಲ ಮಹಡಿಗೆ ನಯವಾದ ಕಲ್ಲಿನವು. ಅಲ್ಲಿಂದ ಅಟ್ಟದ ಕೋಣೆಗೆ ಮರದವು, ನಡುವೆ ಕಾರ್ಪೆಟ್ ಪಟ್ಟಿ ಹಾಕಿದ್ದು. ಕೂದಲುದುರಿಸುವ ಬೆಕ್ಕೊಂದಿದೆ, ಇಡೀ ಮನೆ ಬಿಟ್ಟು ಅದಕ್ಕೆ ಆ ಕಾರ್ಪೆಟ್ ಮೆಟ್ಟಿಲೇ ಬೇಕು. ಈ ಎರಡರ ಮೇಲೂ ಪೊರಕೆ, ಕೈಯಲ್ಲಿ ಹಿಡಿಯುವ ಪುಟ್ಟ ವ್ಯಾಕ್ಯೂಮ್, ಬ್ಯಾಟರಿಯ ಸ್ಟಿಕ್ ವ್ಯಾಕ್ಯೂಮ್, ಉದ್ದ ಪೈಪಿನ ಕ್ಯಾನಿಸ್ಟರ್ ಎಲ್ಲವನ್ನೂ ಅದಲುಬದಲು ಮಾಡಿ ಬಳಸಿದ್ದೇನೆ. ರೋಬೋ ವ್ಯಾಕ್ಯೂಮನ್ನು ಹೊರಗಿಟ್ಟೆ. ಸಾಮಾನ್ಯವಾಗಿ ಸಿಗುವ ರೋಬೋಗಳು ಮೆಟ್ಟಿಲು ಹತ್ತುವುದಿಲ್ಲ. ಅವುಗಳ ಹೊಟ್ಟೆಯಡಿ ಇರುವ ಇನ್‌ಫ್ರಾರೆಡ್ ಸೆನ್ಸರ್‌ಗಳ ಕೆಲಸವೇ ಮೆಟ್ಟಿಲಂಚು ಬಂದರೆ ಹಿಂದಕ್ಕೆ ತಿರುಗಿಸುವುದು. ಕಪ್ಪು ಕಾರ್ಪೆಟ್ ಆ ಬೆಳಕನ್ನು ನುಂಗಿಬಿಡುವುದರಿಂದ ಕೆಲವು ರೋಬೋಗಳು ಸಮತಟ್ಟಾದ ಜಾಗದಲ್ಲೇ ಮುಂದೆ ಪ್ರಪಾತವಿದೆ ಎಂದುಕೊಂಡು ನಿಂತುಬಿಡುವುದೂ ಉಂಟು.

ಮೆಟ್ಟಿಲಲ್ಲಿ ಕೊಳೆ ಎಲ್ಲ ಕಡೆ ಒಂದೇ ಸಮ ಕೂರುವುದಿಲ್ಲ. ಕಾಲು ಬೀಳುವುದು ನಡುವೆ, ಧೂಳು ಸರಿಯುವುದು ಎರಡು ತುದಿಗೆ. ಕಾಲಿಡುವ ಹಲಗೆ, ಅದರ ಹಿಂದೆ ನೆಟ್ಟಗೆ ನಿಂತ ಹಲಗೆ, ಪಕ್ಕದ ಗೋಡೆ ಈ ಮೂರೂ ಸೇರುವ ಮೂಲೆಯೇ ನಿಜವಾದ ಪರೀಕ್ಷೆ. ಕಾರ್ಪೆಟ್ಟಿನದ್ದು ಇನ್ನೊಂದು ಕಥೆ: ಮುಂದಿನ ಅಂಚಿನ ಮೇಲೆ ಮೈಭಾರವೆಲ್ಲ ಬೀಳುವುದರಿಂದ ಅಲ್ಲಿ ಎಳೆಗಳು ಮಲಗಿಬಿಡುತ್ತವೆ. ಬುಡದಲ್ಲಿ ಸಿಕ್ಕಿಕೊಂಡ ಮರಳಿನ ಕಣಗಳು ಪ್ರತಿ ತುಳಿತಕ್ಕೂ ಎಳೆಯನ್ನು ಉಜ್ಜುತ್ತವೆ. ಮೆಟ್ಟಿಲ ಕಾರ್ಪೆಟ್ ಮೊದಲು ಸವೆಯುವುದು ಅಂಚಿನಲ್ಲೇ. ಮೂಲೆಯನ್ನೂ ಅಂಚನ್ನೂ ಬಿಟ್ಟು ನಡುವಿನದನ್ನು ಮಾತ್ರ ಎಳೆದುಕೊಳ್ಳುವ ಯಂತ್ರ ನೋಡಲು ಚೊಕ್ಕವಾಗಿ ಕೆಲಸ ಮಾಡಿದಂತೆ ಕಾಣುತ್ತದೆ, ಅಷ್ಟೇ.

ಕಲ್ಲಿನ ಮೆಟ್ಟಿಲಿಗೆ ಪೊರಕೆಯನ್ನು ಹಳೇ ಕಾಲದ್ದೆಂದು ಬದಿಗಿಡುವ ಹಾಗಿಲ್ಲ. ತೂಕವಿಲ್ಲ, ಸದ್ದಿಲ್ಲ, ತುದಿ ಮೂಲೆಗೆ ನೇರ ಹೋಗುತ್ತದೆ. ಆದರೆ ಒಣ ಪೊರಕೆ ಎಬ್ಬಿಸುವ ಸಣ್ಣ ಧೂಳು ದೊಡ್ಡ ತಲೆನೋವು. 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗದ ಗಾತ್ರದ ಕಣ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಮಿಲಿಮೀಟರ್ ಇಳಿಯುತ್ತದೆ. 3 ಮೀಟರ್ ಎತ್ತರದಿಂದ ಕೆಳಗೆ ಬರಲು ಕಾಲು ಗಂಟೆಗೂ ಹೆಚ್ಚು. 1 ಮೈಕ್ರಾನಿನದ್ದಕ್ಕೆ ಹತ್ತಿರ ಹತ್ತಿರ ಇಡೀ ದಿನವೇ ಬೇಕು. ಮೆಟ್ಟಿಲಿನ ಜಾಗ ಮಹಡಿಯಿಂದ ಮಹಡಿಗೆ ತೆರೆದ ಬಾವಿ; ಗಾಳಿ ಅಲ್ಲಿ ನಿಶ್ಚಲವಾಗಿರುವುದೂ ಇಲ್ಲ. ಈಗ ಗುಡಿಸಿದ್ದು ಸಂಜೆಗೆ ರೇಲಿಂಗ್ ಮೇಲೆ ಕೂತಿರುತ್ತದೆ. ಅದಕ್ಕೇ ಗುಡಿಸಿದ ಮೇಲೆ ಚೆನ್ನಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒಮ್ಮೆ ಒರೆಸುತ್ತೇನೆ. ಕಲ್ಲಿಗೆ ಇಷ್ಟು ಸಾಕು, ಯಂತ್ರವೇ ಬೇಡ. ಮರಕ್ಕೆ ಮಾತ್ರ ಒದ್ದೆ ಬಟ್ಟೆ ತಾಗಿಸಬಾರದು. ಜೋಡಣೆಯ ಸಂದಿಗೆ ನೀರಿಳಿದರೆ ಹಲಗೆ ಉಬ್ಬುತ್ತದೆ.

ಕಾರ್ಪೆಟ್ ಮೇಲೆ ಪೊರಕೆ ಸೋತಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಜಾಗಕ್ಕೆ ಬಂದ ಒಂದು ಸಾದಾ ವಸ್ತುವನ್ನು ಹೊಗಳಲೇಬೇಕು: ರಬ್ಬರ್ ಹಲ್ಲಿನ ಬ್ರಷ್. ಅದಿಲ್ಲದಿದ್ದರೆ ಪಾತ್ರೆ ತೊಳೆಯುವ ರಬ್ಬರ್ ಕೈಗವಸೂ ಆಗುತ್ತದೆ. ನಮ್ಮ ಕಡೆಗೆ ಎಳೆದರೆ ಘರ್ಷಣೆಗೆ ಕೂದಲು ಎದ್ದು ಸುರುಳಿಯಾಗಿ ಸೇರುತ್ತದೆ. ಯಾವ ವ್ಯಾಕ್ಯೂಮ್ ಹಚ್ಚುವುದಿದ್ದರೂ ಮೊದಲು ಇದನ್ನು ಒಂದು ಸುತ್ತು ಆಡಿಸಿದರೆ ಯಂತ್ರದ ಅರ್ಧ ಕೆಲಸ ಕಡಿಮೆ.

ಪುಟ್ಟ ವ್ಯಾಕ್ಯೂಮ್‌ನ ಕಲ್ಪನೆ ಹೊಸದಲ್ಲ. ಬ್ಲ್ಯಾಕ್ ಆಂಡ್ ಡೆಕ್ಕರ್‌ನ ಡಸ್ಟ್‌ಬಸ್ಟರ್ 1979ರಲ್ಲೇ ಬಂದಿತ್ತು. ಮೂಲೆಗೆ ಇದರ ಚೂಪು ಮೂತಿ ಹೇಳಿ ಮಾಡಿಸಿದ್ದು. ರೇಲಿಂಗ್ ಕಂಬಿಗಳ ಬುಡ, ತಿರುವಿನ ಮೆಟ್ಟಿಲಿನ ಕಿರಿದಾದ ತುದಿ, ಇಂಥ ಕಡೆ ಉಳಿದ ಯಾವುದೂ ಇದರ ಸಮಕ್ಕೆ ಬರಲಿಲ್ಲ. ಆದರೆ ಇಡೀ ಮೆಟ್ಟಿಲ ಸಾಲಿಗೆ ಇದನ್ನೇ ನಂಬಿದರೆ ಬೆನ್ನು ಬಗ್ಗಿಸಿಯೇ ಇರಬೇಕು, ಇಲ್ಲವೇ ಒಂದೊಂದು ಮೆಟ್ಟಿಲ ಮೇಲೂ ಕೂತು ಏಳಬೇಕು. ತಿರುಗುವ ಬ್ರಷ್ ಇಲ್ಲದ ಮಾದರಿ ಕಾರ್ಪೆಟ್ಟಿನ ಕೂದಲನ್ನು ಸವರಿ ಬಿಡುತ್ತದೆ, ಕೀಳುವುದಿಲ್ಲ. ಚಿಕ್ಕ ಫಿಲ್ಟರ್ ಬೇಗ ಕಟ್ಟಿಕೊಂಡು ಅರ್ಧ ದಾರಿಯಲ್ಲೇ ಎಳೆತ ಕುಗ್ಗುತ್ತದೆ.

ಸ್ಟಿಕ್ ವ್ಯಾಕ್ಯೂಮ್ ಮೇಲೆ ನನಗೆ ಬಹಳ ಭರವಸೆಯಿತ್ತು. ವೈರಿಲ್ಲ, ಗೋಡೆಯಿಂದ ತೆಗೆದರೆ ಕೆಲಸ ಶುರು. ಮೆಟ್ಟಿಲಲ್ಲಿ ಕಾಲಿಗೆ ತೊಡರುವ ವೈರು ಎಂಥ ಅಪಾಯ ಎಂದು ಬಲ್ಲವರಿಗೆ ಇದು ಸಣ್ಣ ಗುಣವಲ್ಲ. ಆದರೂ ಉದ್ದ ಕೋಲು ಜೋಡಿಸಿಕೊಂಡರೆ ಹಿಡಿ ಎದೆಗಿಂತ ಮೇಲೆ ಹೋಗುತ್ತದೆ, ಹಿಂದಿನ ರೇಲಿಂಗಿಗೆ ತಗಲುತ್ತದೆ. ಮಾಮೂಲಿ ಮೆಟ್ಟಿಲಿನಲ್ಲಿ ಕಾಲಿಡುವ ಹಲಗೆ ಮುಂದಿನಿಂದ ಹಿಂದಕ್ಕೆ 25ರಿಂದ 30 ಸೆಂಟಿಮೀಟರ್. ಸ್ಟಿಕ್‌ನ ನೆಲದ ಬ್ರಷ್ ಕೂಡ ಹೆಚ್ಚುಕಡಿಮೆ ಅಷ್ಟೇ ಅಗಲ. ಅಡ್ಡ ತಿರುಗಿಸಲು ಜಾಗವಿಲ್ಲ. ನೇರ ತಳ್ಳಿದರೆ ಒಳಗಿನ ಮೂಲೆಯ ಗೆರೆಯಲ್ಲಿ ಬೆರಳಗಲ ಧೂಳು ಹಾಗೇ ಉಳಿಯುತ್ತದೆ. ಕೋಲು ಕಳಚಿ ಮೋಟರ್ ಇರುವ ಚಿಕ್ಕ ಬ್ರಷ್ ಹಾಕಿದಾಗ ಕೆಲಸ ಚೊಕ್ಕವಾಗುತ್ತದೆ ನಿಜ. ಆದರೆ ಆಗ ಮೋಟರು, ಬ್ಯಾಟರಿ, ಧೂಳಿನ ಡಬ್ಬಿ ಮೂರೂ ಮಣಿಕಟ್ಟಿನ ಮೇಲೆ. ಅದು ತೂಕದ ಪುಟ್ಟ ವ್ಯಾಕ್ಯೂಮ್ ಆಯಿತೇ ಹೊರತು ಬೇರೇನಲ್ಲ. ಕಾರ್ಪೆಟ್ಟಿಗೆ ಗರಿಷ್ಠ ವೇಗ ಬೇಕು, ಆ ವೇಗದಲ್ಲಿ ಬ್ಯಾಟರಿ ಹತ್ತು ನಿಮಿಷದ ಆಸುಪಾಸಿನಲ್ಲಿ ಕೈಕೊಡುತ್ತದೆ. ಗುಂಡಿ ಒತ್ತಿ ಹಿಡಿದೇ ಇರಬೇಕಾದ ಮಾದರಿಯಾದರೆ ಬೆರಳೂ ನೋಯುತ್ತದೆ. ಮಹಡಿಯ ನೆಲಕ್ಕೆ ಇದನ್ನೇ ಈಗಲೂ ಬಳಸುತ್ತೇನೆ, ಅಲ್ಲಿ ದೂರಲು ಏನೂ ಇಲ್ಲ.

ಗೆದ್ದದ್ದು ಕ್ಯಾನಿಸ್ಟರ್. ಯಂತ್ರವನ್ನು ನೆಲದ ಮೇಲೆ ಮಲಗಿಸಿ ಪೈಪನ್ನಷ್ಟೇ ಕೈಗೆ ಕೊಡುವ ಈ ವಿನ್ಯಾಸವನ್ನು ಎಲೆಕ್ಟ್ರೋಲಕ್ಸ್ ತನ್ನ ಮಾಡೆಲ್ ಫೈವ್ ಮೂಲಕ 1921ರಲ್ಲಿ ಮನೆಗಳಿಗೆ ತಂದಿತು. ಮೆಟ್ಟಿಲಿನ ಮಟ್ಟಿಗೆ ಅದಕ್ಕಿಂತ ಜಾಣ ಉಪಾಯ ಇನ್ನೂ ನನಗೆ ಕಂಡಿಲ್ಲ. ಡಬ್ಬಿ ಕೆಳಗಿನ ನೆಲದಲ್ಲಿ, ಕೈಯಲ್ಲಿ ಪೈಪಿನ ತುದಿ ಮತ್ತು ಒಂದು ಮೂತಿ ಮಾತ್ರ. ಮೊದಲ ಆರೇಳು ಮೆಟ್ಟಿಲಿಗೆ ಪೈಪು ಆರಾಮಾಗಿ ಮುಟ್ಟುತ್ತದೆ. ಎಳೆತ ಶುರುವಿನಿಂದ ಕೊನೆಯವರೆಗೆ ಒಂದೇ ಹದ, ಬ್ಯಾಟರಿಯ ಚಿಂತೆಯಿಲ್ಲ. ಸಂದಿಮೂತಿ ಹಾಕಿ ಮೂಲೆಯ ಗೆರೆಗುಂಟ ಎಳೆದರೆ ಸ್ಟಿಕ್ ಬಿಟ್ಟುಹೋದ ಬೆರಳಗಲವೂ ಹೋಗುತ್ತದೆ.

ತೊಡಕಿರುವುದು ಮೇಲಿನ ಅರ್ಧಕ್ಕೆ. ನಡುವೆ ತಿರುವಿನ ಚೌಕವಿದ್ದರೆ ಡಬ್ಬಿಯನ್ನು ಅಲ್ಲಿಗೆ ಏರಿಸಬಹುದು. ಇಲ್ಲದಿದ್ದರೆ ಮೇಲಿನ ಮಹಡಿಯಲ್ಲಿ ಬಾಗಿಲೊಳಗೆ, ಮೆಟ್ಟಿಲಂಚಿನಿಂದ ದೂರ ಇಟ್ಟು ಪೈಪನ್ನು ಕೆಳಗಿಳಿಸಬೇಕು. ಅಂಚಿನಲ್ಲೇ ಇಟ್ಟು ಪೈಪು ಜಗ್ಗಿದರೆ ಡಬ್ಬಿ ತಲೆಯ ಮೇಲೇ ಬರುತ್ತದೆ. ವೈರು ಯಾವಾಗಲೂ ಗೋಡೆಯ ಬದಿಗೆ, ನಡೆಯುವ ದಾರಿಯ ಆಚೆಗೆ ಇರಲಿ. ಇನ್ನೊಂದು ದೋಷ ನನ್ನ ಸೋಮಾರಿತನಕ್ಕೆ ಸೇರಿದ್ದೋ ಯಂತ್ರಕ್ಕೆ ಸೇರಿದ್ದೋ ಹೇಳಲಾರೆ: ಕಪಾಟಿನಿಂದ ತೆಗೆದು, ಪೈಪು ಜೋಡಿಸಿ, ವೈರು ಬಿಚ್ಚಿ, ಕೊನೆಗೆ ಎಲ್ಲವನ್ನೂ ಮತ್ತೆ ಸುತ್ತಿಡುವುದು ಬೇಸರ. ಹಾಗಾಗಿ ವಾರದ ನಡುವೆ ಅದನ್ನು ಹೊರಗೆ ತೆಗೆಯುವುದೇ ಇಲ್ಲ.

ಕ್ಯಾನಿಸ್ಟರಿಗೆ ಸಿಗುವ ಚಿಕ್ಕ ಬ್ರಷ್‌ಗಳಲ್ಲಿ ಎರಡು ಜಾತಿ, ಕೊಳ್ಳುವಾಗ ಕೇಳಿಯೇ ಕೊಳ್ಳಿ. ಒಂದು, ಒಳಗೆ ಎಳೆಯುವ ಗಾಳಿಯಿಂದಲೇ ತಿರುಗುವುದು. ಅಗ್ಗ, ಹಗುರ, ಆದರೆ ದಟ್ಟ ಕಾರ್ಪೆಟ್ ಮೇಲೆ ಒತ್ತಿದ ಕೂಡಲೇ ಗಾಳಿಯ ದಾರಿ ಮುಚ್ಚಿ ಬ್ರಷ್ ನಿಂತುಹೋಗುತ್ತದೆ. ಇನ್ನೊಂದು ತನ್ನದೇ ಮೋಟರ್ ಇರುವುದು. ಒತ್ತಿದರೂ ತಿರುಗುತ್ತದೆ, ಬೆಕ್ಕಿನ ಕೂದಲಿಗೆ ಇದೇ ಸರಿ. ಆದರೆ ಎಳೆಗಳು ಕತ್ತರಿಸದೆ ಕುಣಿಕೆಯಾಗಿಯೇ ಉಳಿದಿರುವ ಕಾರ್ಪೆಟ್ ನಿಮ್ಮದಾದರೆ ತಿರುಗುವ ಬ್ರಷ್ ಬೇಡವೇ ಬೇಡ. ಅಂಚಿನಲ್ಲಿ ಎಳೆ ಸಿಕ್ಕಿದರೆ ಕಿತ್ತು ತೆಗೆಯುತ್ತದೆ.

ವಾಟ್ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಲೆಕ್ಕಕ್ಕೆ ಬೀಳಬೇಡಿ. ಯುರೋಪಿಯನ್ ಒಕ್ಕೂಟ ವ್ಯಾಕ್ಯೂಮ್‌ಗಳ ಮಿತಿಯನ್ನು 2014ರಲ್ಲಿ 1600 ವಾಟ್‌ಗೆ, 2017ರಲ್ಲಿ 900 ವಾಟ್‌ಗೆ ಇಳಿಸಿತು. ಅದರಿಂದ ಅಲ್ಲಿಯ ಮನೆಗಳೇನೂ ಕೊಳೆಯಾಗಲಿಲ್ಲ. ವಾಟ್ ಹೇಳುವುದು ಯಂತ್ರ ತಿನ್ನುವ ವಿದ್ಯುತ್ತನ್ನು, ಎತ್ತುವ ಧೂಳನ್ನಲ್ಲ.

ಮೇಲಿನಿಂದ ಕೆಳಗೋ, ಕೆಳಗಿನಿಂದ ಮೇಲೋ? ಪೊರಕೆಯಾದರೆ ಮೇಲಿನಿಂದಲೇ, ಕಸ ಬೀಳುವ ದಿಕ್ಕು ಅದು. ವ್ಯಾಕ್ಯೂಮ್‌ಗೂ ಹೆಚ್ಚಿನವರು ಅದನ್ನೇ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಮೆಟ್ಟಿಲಿಗೆ ಮುಖ ಮಾಡಿ ಕೆಳಗಿನಿಂದ ಹೊರಟರೆ ಎದುರಿನ ಮೂರನೆಯ ನಾಲ್ಕನೆಯ ಮೆಟ್ಟಿಲು ಮಂಡಿಯ ಎತ್ತರದ ಆಚೀಚೆಗೆ ಬರುತ್ತದೆ, ಬೆನ್ನು ಅಷ್ಟಾಗಿ ಬಗ್ಗುವುದಿಲ್ಲ, ನಿಂತ ಹಲಗೆಗಳು ಕಣ್ಣೆದುರಿಗೇ ಇರುತ್ತವೆ. ಹಿಂದೆ ಹಿಂದೆ ಇಳಿಯುವ ಅಪಾಯವೂ ಇಲ್ಲ. ತಿರುಗುವ ಬ್ರಷ್ ಒಂದಷ್ಟು ಕಸ ಕೆಳಕ್ಕೆ ಚಿಮ್ಮಿಸುತ್ತದೆ, ಅದಕ್ಕೆ ಬ್ರಷ್ಷಿನ ಮುಖವನ್ನು ಒಳಮೂಲೆಯ ಕಡೆಗಿಡಬೇಕು.

ಈಗ ನಮ್ಮಲ್ಲಿ ಕಲ್ಲಿಗೆ ಪೊರಕೆ ಮತ್ತು ಬಟ್ಟೆ, ಕಾರ್ಪೆಟ್ಟಿಗೆ ವಾರಕ್ಕೊಮ್ಮೆ ರಬ್ಬರ್ ಬ್ರಷ್ ಮತ್ತು ಕ್ಯಾನಿಸ್ಟರ್, ನಡುವೆ ಬೆಕ್ಕು ಮಲಗಿದ್ದ ಜಾಗಕ್ಕೆ ಪುಟ್ಟ ವ್ಯಾಕ್ಯೂಮ್. ಮನೆಯಲ್ಲಿ ಸ್ಟಿಕ್ ಇದ್ದೇ ಇದ್ದರೆ ಬೇರೆ ಕೊಳ್ಳಬೇಕಿಲ್ಲ, ಚಿಕ್ಕ ಮೋಟರ್ ಬ್ರಷ್ ಒಂದನ್ನು ಸೇರಿಸಿಕೊಂಡರೆ ನಡೆಯುತ್ತದೆ. ಮೆಟ್ಟಿಲಿಗಾಗಿಯೇ ಹೊಸದಾಗಿ ಸ್ಟಿಕ್ ಕೊಳ್ಳುವವರು ಮಾತ್ರ ಅಂಗಡಿಯಲ್ಲೇ ಕೋಲು ಕಳಚಿಸಿ, ಚಿಕ್ಕ ಬ್ರಷ್ ಹಾಕಿಸಿ, ಒಂದೇ ಕೈಯಲ್ಲಿ ಎರಡು ನಿಮಿಷ ಮುಂದೆ ಚಾಚಿ ಹಿಡಿದು ನೋಡಲಿ.