ಶೆಲ್ಫ್ ಪಿನ್ ಜಿಗ್: ವರ್ಷಗಟ್ಟಲೆ ಬಳಸಿದ ಮೇಲೆ ಹೇಳುತ್ತಿರುವ ಮಾತು

ಕಪಾಟಿನೊಳಗಿನ ಹಲಗೆಯನ್ನು ಬೇಕಾದ ಎತ್ತರಕ್ಕೆ ಕೂರಿಸಲು ಪಕ್ಕದ ಪ್ಯಾನೆಲ್‌ಗಳಲ್ಲಿ ಸಾಲಾಗಿ ಸಣ್ಣ ತೂತುಗಳಿರುತ್ತವೆ, ಅಲ್ವಾ? ಆ ಸಾಲು ಕೊರೆಯುವುದಕ್ಕೆಂದೇ ಬರುವ ಜಿಗ್, ಅಂದರೆ ಡ್ರಿಲ್ಲಿಗೆ ದಾರಿ ತೋರಿಸುವ ಅಚ್ಚು, ಇದು. ಗಟ್ಟಿ ಪ್ಲಾಸ್ಟಿಕ್‌ನ ಪಟ್ಟಿ, ಅದರಲ್ಲಿ 32 ಮಿ.ಮೀ. ಅಂತರದ ತೂತುಗಳು, ಪ್ಯಾನೆಲ್ ಅಂಚಿಗೆ ಆನಿಸಲು ಒಂದು ಫೆನ್ಸ್, ಸ್ಪ್ರಿಂಗ್ ಕೊಳವೆಯೊಳಗೆ ಕೂತ 5 ಮಿ.ಮೀ. ಬಿಟ್, ಜೊತೆಗೆ ಒಂದು ಲೋಹದ ಪಿನ್. ಇದೇ ವಿನ್ಯಾಸವನ್ನು ಹಲವು ಕಂಪನಿಗಳು ಮಾಡುತ್ತವೆ. ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ), ಲ್ಯಾಮಿನೇಟ್ ಹಚ್ಚಿದ ಪಾರ್ಟಿಕಲ್ ಬೋರ್ಡ್ (ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಹಲಗೆ), ಮೂರರ ಮೇಲೂ ನಾನು ಇದನ್ನು ಚೆನ್ನಾಗಿ ದುಡಿಸಿದ್ದೇನೆ.

ಟೇಪು, ಪೆನ್ಸಿಲ್ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಹಲಗೆ ಈ ತೂತುಗಳಿಗೆ ಸಿಕ್ಕಿಸಿದ ನಾಲ್ಕು ಪಿನ್‌ಗಳ ಮೇಲೆ ಕೂರುತ್ತದೆ. ಒಂದು ಪಿನ್ ಒಂದೇ ಮಿ.ಮೀ. ಮೇಲಿದ್ದರೂ ಹಲಗೆ ಕುಣಿಯುತ್ತದೆ. ನಾಲ್ಕೂ ಒಂದು ಮಿ.ಮೀ. ಮೇಲಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಅಂದರೆ ಇಲ್ಲಿ ಬೇಕಿರುವುದು ಟೇಪಿನ ಅಳತೆಗೆ ಸರಿಯಾದ ತೂತಲ್ಲ, ಒಂದಕ್ಕೊಂದು ಸಮನಾದ ತೂತು. ಕೈಯಲ್ಲಿ ಗುರುತು ಹಾಕಿದರೆ ಪ್ರತಿ ಗುರುತಿನ ತಪ್ಪೂ ಬೇರೆ ಬೇರೆ. ಜಿಗ್‌ನಲ್ಲಿ ತಪ್ಪಿದ್ದರೂ ಎಲ್ಲ ಕಡೆ ಒಂದೇ ತಪ್ಪು. ಇದೊಂದಕ್ಕಾಗಿಯೇ ನಾನು ಇದನ್ನು ಕೈಬಿಟ್ಟಿಲ್ಲ.

ಆದರೆ ಆ ಸಮಾನತೆ ಸುಮ್ನೆ ಬರುವುದಿಲ್ಲ. ಎಲ್ಲ ಪ್ಯಾನೆಲ್‌ಗಳಲ್ಲೂ ಜಿಗ್ ಅನ್ನು ಕೆಳಗಿನ ಅಂಚಿನಿಂದಲೇ ಶುರು ಮಾಡಬೇಕು. ಒಂದನ್ನು ಕೆಳಗಿನಿಂದ, ಇನ್ನೊಂದನ್ನು ಮೇಲಿನಿಂದ ಕೊರೆದರೆ, ಪ್ಯಾನೆಲ್‌ಗಳ ಉದ್ದದಲ್ಲಿರುವ ಸಣ್ಣ ವ್ಯತ್ಯಾಸವೆಲ್ಲ ತೂತಿನ ಸಾಲಿಗೆ ಬಂದುಬಿಡುತ್ತದೆ. ಎಡ, ಬಲ ಪ್ಯಾನೆಲ್‌ಗಳು ಒಂದಕ್ಕೊಂದು ಕನ್ನಡಿಯ ಹಾಗಿರುವುದರಿಂದ ಅದಲುಬದಲಾಗುವುದೂ ಸುಲಭ. ಕೊರೆಯುವ ಮೊದಲೇ ಪ್ರತಿ ಪ್ಯಾನೆಲ್ ಮೇಲೆ ಚಾಕ್‌ನಲ್ಲಿ 'ಕೆಳಗೆ', 'ಮುಂದೆ' ಎಂದು ಬರೆಯುತ್ತೇನೆ. ಪಟ್ಟಿಯಷ್ಟು ಉದ್ದ ಕೊರೆದು ಮುಗಿದ ಮೇಲೆ ಲೋಹದ ಪಿನ್ ಅನ್ನು ಕೊನೆಯ ತೂತಿಗೆ ಇಳಿಸಿ ಪಟ್ಟಿಯನ್ನು ಮುಂದಕ್ಕೆ ಸರಿಸಬೇಕು. ಹೀಗೆ ಸರಿಸಿದಾಗಲೆಲ್ಲ ಪಿನ್ನಿನ ಸಡಿಲದಷ್ಟು ವ್ಯತ್ಯಾಸ ಸೇರಿಕೊಳ್ಳುತ್ತದೆ. ಉದ್ದದ ಕಪಾಟಿಗೆ ಹೋದಷ್ಟೂ ಇದು ಜಾಸ್ತಿ. ಪಿನ್ ಮೇಲೆ ನಂಬಿಕೆ ಇಟ್ಟು ಕೈಬಿಡದೆ, ಪ್ರತಿ ಸಲ ಕ್ಲ್ಯಾಂಪ್ ಹಾಕಿ.

ತೂತಿನ ಸಾಲು ಮುಂದಿನ ಅಂಚಿನಿಂದ 37 ಮಿ.ಮೀ. ಒಳಗೆ ಬರುವಂತೆ ನಾನು ಫೆನ್ಸ್ ಅನ್ನು ಇಟ್ಟುಕೊಂಡಿದ್ದೇನೆ. 32 ಮತ್ತು 37 ಕಾರ್ಖಾನೆಯ ಕ್ಯಾಬಿನೆಟ್‌ಗಳ ಲೆಕ್ಕ. ಹಿಂಜ್ ಪ್ಲೇಟು, ಡ್ರಾಯರ್ ಚಾನೆಲ್‌ಗಳ ಸ್ಕ್ರೂ ತೂತುಗಳೂ ಬಹುಪಾಲು ಇದೇ ಲೆಕ್ಕಕ್ಕೆ ಹೊಂದುತ್ತವೆ. ಹೀಗಾಗಿ ಹಲಗೆಗೆ ಕೊರೆದ ಸಾಲೇ ಮುಂದೆ ಬಾಗಿಲು ಕೂರಿಸುವಾಗಲೂ ಕೆಲಸಕ್ಕೆ ಬರುತ್ತದೆ. ಈ ಖುಷಿ ಕೊಳ್ಳುವಾಗ ನನಗೆ ಗೊತ್ತಿರಲಿಲ್ಲ.

ಸ್ಪ್ರಿಂಗ್ ಕೊಳವೆ ಈ ಸಾಧನದ ಜೀವ. ಕೊಳವೆಯ ತುದಿ ಜಿಗ್‌ನ ತೂತಿನಲ್ಲಿ ಕೂರುತ್ತದೆ, ಆಮೇಲಷ್ಟೇ ಬಿಟ್ ಹೊರಬರುತ್ತದೆ. ತಿರುಗುವ ಬಿಟ್ ಪ್ಲಾಸ್ಟಿಕ್ಕಿಗೆ ತಾಗುವುದೇ ಇಲ್ಲ, ಆದ್ದರಿಂದ ಇಷ್ಟು ಬಳಸಿದರೂ ಜಿಗ್‌ನ ತೂತುಗಳು ಅಗಲವಾಗಿಲ್ಲ. ಡ್ರಿಲ್ ಕೂಡ ನೆಟ್ಟಗೆ ನಿಲ್ಲುತ್ತದೆ. 18 ಮಿ.ಮೀ. ದಪ್ಪದ ಪ್ಯಾನೆಲ್‌ನಲ್ಲಿ ಒಂದು ಡಿಗ್ರಿ ಓರೆಯಾದರೂ ಈ ಬದಿಯಿಂದ ಆ ಬದಿಗೆ ಹೋಗುವಷ್ಟರಲ್ಲಿ ತೂತು ಸುಮಾರು 0.3 ಮಿ.ಮೀ. ಸರಿದಿರುತ್ತದೆ. ಕೈ ಅಂದಾಜಿನಲ್ಲಿ ಒಂದು ಡಿಗ್ರಿ ಯಾರಿಗೂ ಕಾಣುವುದಿಲ್ಲ.

ದೂರುಗಳೂ ಇವೆ. ದೊಡ್ಡದು ಆಳದ ಕಾಲರ್‌ನದು. ಬಿಟ್ ಮೇಲೆ ಸ್ಕ್ರೂನಿಂದ ಹಿಡಿಸಿರುವ ಈ ಉಂಗುರ ಡ್ರಿಲ್‌ನ ಅದುರುವಿಕೆಗೆ ನಿಧಾನವಾಗಿ ಜಾರುತ್ತದೆ. 16 ಮಿ.ಮೀ. ಪ್ಯಾನೆಲ್‌ನಲ್ಲಿ ನಾನು 10 ಮಿ.ಮೀ. ಆಳ ಇಡುತ್ತೇನೆ. ಕಾಲರ್ ಜಾರಿದರೆ ಬಿಟ್ ಆಚೆ ಬದಿಗೆ ತೂರಿ ಬರುತ್ತದೆ, ಪ್ಯಾನೆಲ್ ಹಾಳು. ಈಗ ಪ್ರತಿ ಪ್ಯಾನೆಲ್ ಶುರು ಮಾಡುವ ಮುಂಚೆ ಅಲೆನ್ ಕೀ ಹಾಕಿ ಒಮ್ಮೆ ಬಿಗಿ ಮಾಡುತ್ತೇನೆ. ಜಿಗ್ ಪಟ್ಟಿಯ ದಪ್ಪವನ್ನೂ ಸೇರಿಸಿ ಆಳ ಲೆಕ್ಕ ಹಾಕಬೇಕು ಎಂಬುದನ್ನು ಕೈಪಿಡಿ ಸ್ಪಷ್ಟವಾಗಿ ಹೇಳಿಲ್ಲ, ಹೇಳಬೇಕಿತ್ತು.

ಎರಡನೆಯದು ಪುಡಿ. ಎಂಡಿಎಫ್‌ನ ನುಣ್ಣನೆ ಪುಡಿ ಕೊಳವೆಯೊಳಗೆ ತುಂಬಿ ಸ್ಪ್ರಿಂಗ್ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಕೊಳವೆ ಪೂರ್ತಿ ಕೆಳಗಿಳಿಯುವ ಮೊದಲೇ ಬಿಟ್ ಹೊರಗೆ ಇಣುಕುತ್ತದೆ. ಅಲ್ಲಿಗೆ ನಿಖರತೆಯೂ ಹೋಯಿತು, ಪ್ಲಾಸ್ಟಿಕ್ಕೂ ಹೋಯಿತು. ಬ್ರಷ್ ಹಾಕಿ ಆಗಾಗ ಸ್ವಚ್ಛ ಮಾಡಿ. ಎಣ್ಣೆ ಮಾತ್ರ ಬೇಡ, ಪುಡಿ ಅದಕ್ಕೇ ಅಂಟಿ ಕೂರುತ್ತದೆ.

ಜೊತೆಗೆ ಬಂದ ಬಿಟ್ ಸಾಧಾರಣ ಟ್ವಿಸ್ಟ್ ಬಿಟ್. ಪ್ಲೈವುಡ್‌ಗೆ ಅಡ್ಡಿಯಿಲ್ಲ, ಲ್ಯಾಮಿನೇಟ್‌ನಲ್ಲಿ ತೂತಿನ ಬಾಯಿಗೆ ಚಕ್ಕೆ ಏಳುತ್ತದೆ. ಪಾರ್ಟಿಕಲ್ ಬೋರ್ಡ್‌ನ ಅಂಟಿಗೆ ಅದರ ಮೊನೆ ಬೇಗ ಮೊಂಡಾಯಿತು. ಅದೇ ಅಳತೆಯ ಬ್ರ್ಯಾಡ್ ಪಾಯಿಂಟ್ ಬಿಟ್ ಹಾಕಿದ ಮೇಲೆ ಬಾಯಿ ಶುಭ್ರವಾಗಿದೆ. ಅದರ ಅಂಚಿನ ಮೊನೆಗಳು ಮೊದಲು ಸುತ್ತ ಗೆರೆ ಕತ್ತರಿಸಿ, ಆಮೇಲೆ ಒಳಗಿನದನ್ನು ಎತ್ತುತ್ತವೆ. ನಡುವಿನ ಮೊನೆ ಸ್ವಲ್ಪ ಮುಂದಕ್ಕೆ ಚಾಚಿರುವುದರಿಂದ ತೆಳ್ಳನೆ ಪ್ಯಾನೆಲ್‌ನಲ್ಲಿ ಆಳ ಒಂದಿಷ್ಟು ಕಡಿಮೆ ಇಡಿ. ಡ್ರಿಲ್ ಪೂರ್ತಿ ವೇಗಕ್ಕೆ ಬಂದ ಮೇಲೆ ಒತ್ತಿ, ನಿಧಾನವಾಗಿ.

ಕೊಳ್ಳುವವರು ಎರಡು ವಿಷಯ ನೋಡಿಕೊಳ್ಳಿ. ಕೊಳವೆಯೊಳಗಿನ ಬಿಟ್ ಬೇರೆಯಾಗಿ ಬದಲಿಸಲು ಬರುತ್ತದೆಯೇ? ಬರದಿದ್ದರೆ ಬಿಟ್ ಮೊಂಡಾದ ದಿನ ಇಡೀ ಕೊಳವೆಯನ್ನೇ ಕೊಳ್ಳಬೇಕಾಗುತ್ತದೆ. ಇನ್ನೊಂದು, ನಿಮ್ಮ ಪಿನ್‌ಗಳ ಅಳತೆ. ಕಾಲಿಂಚಿನ ಜಿಗ್ 6.35 ಮಿ.ಮೀ. ತೂತು ಕೊರೆಯುತ್ತದೆ, ಅದರಲ್ಲಿ 6 ಮಿ.ಮೀ. ಪಿನ್ ಅಲ್ಲಾಡುತ್ತದೆ.

ಪ್ಯಾನೆಲ್‌ನ ಅಂಚಿಗೆ ಡವೆಲ್ (ಎರಡು ಹಲಗೆಗಳನ್ನು ಜೋಡಿಸುವ ಮರದ ಗೂಟ) ತೂತು ಕೊರೆಯಬೇಕು ಎಂದುಕೊಂಡವರಿಗೆ ಇದು ಬೇಡ. 18 ಮಿ.ಮೀ. ಅಂಚಿನಲ್ಲಿ 8 ಮಿ.ಮೀ. ತೂತು ಹಾಕಿದರೆ ಎರಡೂ ಪಕ್ಕ ಉಳಿಯುವುದು ಐದೈದು ಮಿ.ಮೀ. ಮಾತ್ರ. ಅಲ್ಲಿ ಅಂಚನ್ನು ಎರಡೂ ಕಡೆಯಿಂದ ಹಿಡಿದು ತೂತನ್ನು ನಡುವಿಗೆ ತರುವ ಡವೆಲ್ ಜಿಗ್ಗೇ ಬೇಕು.